ಗುಡ್ಡದ ಸೆರಗಿನ ಜೀರುಂಡೆಗಳು

ಗದಗಿನ ಒಂದು ಮುದ್ರಣಾಲಯದಲ್ಲಿ ನಾನು ಇಪ್ಪತ್ತೆಂಟು ವರ್ಷ ಪ್ರೂಫ್ ನೋಡಿದ್ದೇನೆ. ಲಕ್ಷ್ಮೇಶ್ವರದ ಮದುವೆ ಕಾರ್ಡು, ಮುಂಡರಗಿಯ ಅಂಗಡಿಗಳ ಬಿಲ್ ಪುಸ್ತಕ, ಶಾಲೆಗಳ ಪ್ರಶ್ನೆಪತ್ರಿಕೆ, ಚುನಾವಣೆ ಬಂದಾಗ ಕರಪತ್ರ, ಎಲ್ಲವೂ ನನ್ನ ಕೆಂಪು ಪೆನ್ನಿನ ಕೆಳಗೆ ಹಾದು ಹೋಗಿವೆ. ಮುಸ್ಲಿಂ ಹೆಂಗಸೊಬ್ಬಳು ಕನ್ನಡದ ಒತ್ತಕ್ಷರ ತಿದ್ದುವುದನ್ನು ಕಂಡು ಮೊದಮೊದಲು ಗಿರಾಕಿಗಳು ಮಾಲಕರ ಮುಖ ನೋಡುತ್ತಿದ್ದರು. ಆಮೇಲೆ ಅವರೇ "ಅಕ್ಕಾರು ನೋಡ್ಯಾರಿಲ್ಲೋ?" ಎಂದು ಕೇಳಿ, ನೋಡಿದ್ದಾರೆಂದರೆ ಮಾತ್ರ ಅಚ್ಚಿಗೆ ಒಪ್ಪಿಗೆ ಕೊಡತೊಡಗಿದರು.

ನನ್ನ ಮೇಜು ಅಚ್ಚಿನ ಯಂತ್ರದ ಪಕ್ಕದಲ್ಲೇ ಇತ್ತು. ಮೊದಲು ಟ್ರೆಡಲ್ ಯಂತ್ರ, ನಂತರ ಆಫ್‌ಸೆಟ್. ಅದರ ಆಚೆ ಕಾಗದ ಕತ್ತರಿಸುವ ಯಂತ್ರ. ಅಲ್ಲಿಂದ ಮೇಜು ಸರಿಸಿ ಎಂದು ನಾನೂ ಕೇಳಲಿಲ್ಲ, ಮಾಲಕರೂ ಸರಿಸಲಿಲ್ಲ. ಐವತ್ತು ದಾಟಿದ ವರ್ಷ, ಒಂದು ಮಧ್ಯಾಹ್ನ ಕರೆಂಟು ಹೋಗಿ ಯಂತ್ರಗಳೆಲ್ಲ ನಿಂತವು. ನನ್ನ ಕಿವಿಯೊಳಗೆ ಮಾತ್ರ ಏನೋ ಒಂದು ನಿಲ್ಲಲೇ ಇಲ್ಲ. ತೆಳ್ಳಗಿನ, ಚೂಪಾದ, ಒಂದೇ ಸಮನೆ ಎಳೆದ ಸದ್ದು. ಹೊರಗೆ ಹೋಗಿ ನಿಂತೆ. ಅಲ್ಲಿಯೂ ಇತ್ತು. ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಅದು ನನಗಿಂತ ಮೊದಲೇ ಒಳಗೆ ಬಂದಿತ್ತು.

ಕಿವಿಯ ವೈದ್ಯರು ಒಂದು ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಆಮೇಲೆ ಕೇಳಿದರು, "ಜೀರುಂಡಿ ಒದರಿದಂಗ ಕೇಳತೈತೇನ್ರಿ?"

"ಜೀರುಂಡಿ ಒದರೋದನ್ನ ನಾ ಎಂದೂ ಕಿವಿಗೊಟ್ಟು ಕೇಳಿಲ್ರಿ," ಎಂದೆ.

"ಹೋಗ್ಲಿ ಬಿಡ್ರಿ. ಇದು ವಾಸಿ ಆಗೂದಲ್ಲ. ರೂಢಿ ಮಾಡ್ಕೋಬೇಕು."

ಅವರು ಒರಟಾಗಿ ಹೇಳಲಿಲ್ಲ. ಆದರೂ ನನಗೆ ಸಿಟ್ಟು ಬಂತು. ಗಂಡ ತೀರಿಕೊಂಡಾಗ, ಮಗಳು ಮದುವೆಯಾಗಿ ಹುಬ್ಬಳ್ಳಿಗೆ ಹೋದಾಗ, ಎಲ್ಲರೂ ನನಗೆ ಹೇಳಿದ್ದು ಇದೇ ಮಾತು. ರೂಢಿ ಮಾಡಿಕೊಳ್ಳುವುದರಲ್ಲೇ ಅರ್ಧ ಆಯುಷ್ಯ ಕಳೆದಿದ್ದೆ. ಇನ್ನೊಂದಕ್ಕೆ ನನ್ನಲ್ಲಿ ಜಾಗ ಇರಲಿಲ್ಲ.

ಆ ವರ್ಷದ ಬೇಸಿಗೆಯಲ್ಲಿ ಹದಿನೈದು ದಿನ ರಜೆ ಹಾಕಿ ಅಕ್ಕನ ಊರಿಗೆ ಹೋದೆ. ಶಿರಹಟ್ಟಿಗೆ ಬಸ್ಸು, ಅಲ್ಲಿಂದ ಟಂಟಂ ಆಟೊ ಹಿಡಿದು ಕಪ್ಪತಗುಡ್ಡದ ಸೆರಗಿನ ಒಂದು ಸಣ್ಣ ಹಳ್ಳಿ. ಅವಳನ್ನು ನಾನು ಆಪಾ ಎಂದು ಕರೆಯುತ್ತೇನೆ. ಅವಳಿಗೆ ಒಂದಿಷ್ಟು ಆಡು, ಗುಡ್ಡಕ್ಕೆ ಹೊಂದಿಕೊಂಡ ಒಂದು ಪಟ್ಟಿ ಹೊಲ. ಆ ಪಟ್ಟಿಯ ಮೇಲ್ಭಾಗದಲ್ಲಿ ಉಳುವಷ್ಟು ಮಣ್ಣಿಲ್ಲ. ಬಿಟ್ಟ ಜಾಗದಲ್ಲಿ ದಿಂಡಿಗದ ಮರ, ಬೇವು, ಜಾಲಿ, ಕವಳಿಯ ಮುಳ್ಳುಕಂಟಿ ತಾವಾಗಿಯೇ ಬೆಳೆದಿದ್ದವು. ಬೇಲಿಯಿಂದಾಚೆ, ಗುಡ್ಡದ ತನಕ, ಯಾರದೋ ಖಾಸಗಿ ಜಮೀನು. ಅದರ ತುಂಬ ಇಂಥದೇ ಕುರುಚಲು.

ಮರುದಿನ ಬೆಳಗ್ಗೆ ಬಿಸಿಲೇರುತ್ತಿದ್ದಂತೆ ಒಂದು ಮರದಿಂದ ಶುರುವಾಯಿತು. ನಂತರ ಪಕ್ಕದ ಮರ. ನಂತರ ಇಡೀ ಇಳಿಜಾರು. ನಾನು ಎದ್ದು ಆ ಮರಗಳ ಕೆಳಗೆ ಹೋಗಿ ನಿಂತೆ. ಸದ್ದು ತಲೆಯ ಮೇಲೆ ಚಪ್ಪರದ ಹಾಗೆ ಕವಿದುಕೊಂಡಿತ್ತು. ಸ್ವಲ್ಪ ಹೊತ್ತಿಗೆ ನನಗೆ ತಿಳಿದದ್ದು ಇಷ್ಟು: ಕಿವಿಯೊಳಗಿನ ಸದ್ದು ಕೇಳುತ್ತಿಲ್ಲ. ಹೊರಗಿನದು ಅದನ್ನು ಪೂರ್ತಿ ನುಂಗಿಹಾಕಿತ್ತು. ಎಷ್ಟೋ ತಿಂಗಳ ಮೇಲೆ ನನ್ನ ತಲೆಯೊಳಗೆ ನಾನೊಬ್ಬಳೇ ಇದ್ದೆ. ದಿಂಡಿಗದ ಬುಡದಲ್ಲಿ ಕುಳಿತು ಅತ್ತೆ.

ಆಡು ಹೊಡೆದುಕೊಂಡು ಬಂದ ಆಪಾ ನನ್ನನ್ನು ನೋಡಿ ನಿಂತಳು.

"ಏನಾತು? ಹುಳ ಕಡೀತೇನು?"

"ಇಲ್ಲ. ಕಿವಿ ತಣ್ಣಗ ಆತು."

"ಈ ಗದ್ದಲದಾಗ?"

"ಹೂಂ. ಈ ಗದ್ದಲದಾಗನ."

 ಮರುದಿನ ಅವಳು ಆ ಮರದ ಬುಡದ ಮುಳ್ಳು ಕಡಿದು, ಒಂದು ಹಳೆಯ ಚಾಪೆ ತಂದು ಹಾಸಿದಳು.

ಹಳ್ಳಿಯಲ್ಲಿ ಮಾತು ಹಬ್ಬಿತು. ಗದಗಿನಿಂದ ಬಂದ ತಂಗಿಗೆ ತಲೆ ಸರಿಯಿಲ್ಲ, ಬಿಸಿಲಲ್ಲಿ ಹುಳದ ಸದ್ದು ಕೇಳುತ್ತ ಕೂಡುತ್ತಾಳೆ ಎಂದು. ಮಗಳಿಗೂ ಸುದ್ದಿ ಮುಟ್ಟಿ ಅವಳು ಫೋನು ಮಾಡಿದಳು. ಗುಡ್ಡಕ್ಕೆ ಒಬ್ಬಳೇ ಹೋಗಬೇಡ, ಮಂದಿ ಏನಂತಾರೆ ಎಂದಳು. ಮಂದಿ ಏನನ್ನುತ್ತಾರೆಂದು ನನಗೆ ಆಗಲೇ ಗೊತ್ತಿತ್ತು. ನಾನು ಹೋಗುವುದನ್ನು ಬಿಡಲಿಲ್ಲ. ಆ ಬೇಸಿಗೆ ಮುಗಿದು ಮುಂದಿನ ಬೇಸಿಗೆ ಬಂದಾಗ ಭಾನುವಾರಗಳನ್ನೂ ಸೇರಿಸಿಕೊಂಡು ಹೋದೆ.

ಸುಮ್ಮನೆ ಕೂಡುವುದು ನನ್ನ ಸ್ವಭಾವವಲ್ಲ. ಒದರುವುದು ಯಾರು ಎಂದು ಹುಡುಕತೊಡಗಿದೆ. ಎರಡು ದಿನ ಕಣ್ಣಿಗೆ ಬೀಳಲೇ ಇಲ್ಲ. ಮೂರನೆಯ ದಿನ, ತೊಗಟೆಯ ಒಂದು ಚೂರು ಜರುಗಿದ ಹಾಗಾಯಿತು. ಹೆಬ್ಬೆರಳಿನ ಅರ್ಧದಷ್ಟು ಉದ್ದದ ಹುಳ. ಮೈಯೆಲ್ಲ ದಿಂಡಿಗದ ತೊಗಟೆಯದೇ ಬೂದು, ಅದರದೇ ಕಲೆ. ಅಗಲ ತಲೆಯ ಎರಡು ಅಂಚಿಗೆ ಎರಡು ಕಣ್ಣು. ರೆಕ್ಕೆ ಮಡಿಸಿ ಕುಳಿತರೆ ಮರವೇ ಅದು. ಹಾರಿದಾಗ ಮಾತ್ರ ಹಿಂದಿನ ರೆಕ್ಕೆಯ ಅರಿಶಿನ ಬಣ್ಣ ಒಮ್ಮೆ ಮಿಂಚಿ ಮುಚ್ಚಿಕೊಳ್ಳುತ್ತಿತ್ತು. ಹಾರುವಾಗ ಕೆಳಗೆ ನೀರು ಚಿಮುಕಿಸಿ ಹೋಗುತ್ತಿತ್ತು. ನನ್ನ ಕನ್ನಡಕದ ಮೇಲೆ ಎಷ್ಟೋ ಸಲ ಬಿದ್ದಿದೆ.

ಗದಗಿನ ಗ್ರಂಥಾಲಯದಲ್ಲಿ ಓದಲು ಕುಳಿತರೆ ಸಿಕ್ಕಿದ್ದು ಕಡಿಮೆ. ನಿಘಂಟಿನಲ್ಲಿ ಜೀರುಂಡೆ ಎಂದರೆ ಗಟ್ಟಿ ಚಿಪ್ಪಿನ ದುಂಬಿಗೂ ಅದೇ ಹೆಸರು, ಇದಕ್ಕೂ ಅದೇ ಹೆಸರು. ಪ್ರೂಫ್ ನೋಡುವವಳಿಗೆ ಇದು ಸಹಿಸುವ ಮಾತಲ್ಲ. ಸಿಕ್ಕಷ್ಟನ್ನು ಓದಿದೆ, ಉಳಿದದ್ದನ್ನು ಆಪಾಳಿಗೆ ಕೇಳಿದೆ. ಅವಳು ಒಂದಕ್ಷರ ಓದದೆ ಬಹಳ ತಿಳಿದಿದ್ದಳು. ಬೇಸಿಗೆಯ ಮೊದಲ ಅಡ್ಡಮಳೆ ಬಿದ್ದ ಮರುದಿನ ಮರದ ಬುಡಕ್ಕೆ ಕರೆದೊಯ್ದು ನೆಲ ತೋರಿಸಿದಳು. ಕಿರುಬೆರಳು ಹೋಗುವಷ್ಟು ದುಂಡಗಿನ ತೂತುಗಳು, ಎಣಿಸಲಾರದಷ್ಟು.

"ಇಲ್ಲಿಂದನ ಬರ್ತಾವ ನೋಡು. ಸಂಜಿಮುಂದ ಬಂದು ಕುಂಡ್ರು, ತೋರಸ್ತೇನಿ."

ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಇಬ್ಬರೂ ಹೋಗಿ ಕುಳಿತೆವು. ಇನ್ನೂ ಬೆಳಕಿತ್ತು. ತೂತಿನಿಂದ ಮಣ್ಣು ಮೆತ್ತಿದ, ಗೂನು ಬೆನ್ನಿನ ಒಂದು ಮರಿ ಹೊರಗೆ ಬಂತು. ಮುಂಗಾಲು ಗುದ್ದಲಿಯಂತೆ. ಮರ ಹತ್ತಿ, ನನ್ನ ಮೊಳಕಾಲಿನ ಎತ್ತರಕ್ಕೆ ನಿಂತು, ಉಗುರು ಊರಿ ಹಿಡಿದುಕೊಂಡಿತು. ಬೆನ್ನು ಸೀಳಿತು. ಒಳಗಿನಿಂದ ಮೆಲ್ಲಗೆ ಎಳೆಹಸಿರಿನ ಮೆತ್ತನೆಯ ಜೀವ ಹಿಂದಕ್ಕೆ ಬಾಗುತ್ತ ಹೊರಬಂತು. ರೆಕ್ಕೆ ಹಿಂಡಿದ ಒದ್ದೆ ಬಟ್ಟೆಯ ಹಾಗಿತ್ತು, ನಾವು ನೋಡುತ್ತಿದ್ದಂತೆ ಬಿಚ್ಚಿಕೊಂಡಿತು. ಬೆಳಗಾದರೆ ಮರದ ಮೇಲೆ ಖಾಲಿ ಚಿಪ್ಪು ಮಾತ್ರ.

ಹೆಣ್ಣು ಎಳೆ ಟೊಂಗೆ ಗೀರಿ ಮೊಟ್ಟೆಯಿಡುತ್ತದೆ, ಹುಟ್ಟಿದ ಮರಿ ನೆಲಕ್ಕೆ ಬಿದ್ದು ಮಣ್ಣಿಗಿಳಿಯುತ್ತದೆ, ಬೇರಿನ ರಸ ಹೀರುತ್ತ ವರ್ಷಗಟ್ಟಲೆ ಕತ್ತಲಲ್ಲಿ ಬೆಳೆಯುತ್ತದೆ ಎಂದು ಓದಿದ್ದನ್ನು ನಾನು ಅವಳಿಗೆ ಹೇಳಿದೆ. ಮೇಲೆ ಬಂದಮೇಲೆ ಬದುಕು ಕೆಲವೇ ವಾರ. ಒದರುವುದು ಗಂಡು ಮಾತ್ರ, ಹೆಣ್ಣಿಗೆ ದನಿಯಿಲ್ಲ ಎಂದೂ ಹೇಳಿದೆ.

"ಎಷ್ಟು ವರ್ಷ ಒಳಗಿರ್ತಾವ?" ಎಂದಳು.

"ನಮ್ಮ ಕಡೀ ಹುಳಾ ಎಷ್ಟು ವರ್ಷ ಅಂತ ಯಾರೂ ಬರದಿದ್ದು ನನಗ ಸಿಕ್ಕಿಲ್ಲ."

"ಹಂಗಾರ ಈಗ ನಾವು ಕುಂತಲ್ಲಿ, ನಮ್ಮ ಕೆಳಗ ಇನ್ನೂ ಅದಾವ."

ಆ ಮಾತು ಕೇಳಿ ನಾನು ಕಾಲು ಮಡಿಸಿಕೊಂಡೆ.

ಅದರ ಮರುವರ್ಷ ಯುಗಾದಿಯ ಹೊತ್ತಿಗೆ ನನ್ನ ಮೇಜಿಗೆ ಒಂದು ಬಣ್ಣದ ಬ್ರೋಷರ್ ಬಂತು. ನಗರದವರಿಗೆಂದು ಗುಡ್ಡದ ಬುಡದಲ್ಲಿ ವಿರಾಮದ ಮನೆಗಳು, ನಿವೇಶನಗಳು. ಮೊದಲ ಸಾಲು ಹೀಗಿತ್ತು: "ಜೀವವಿಲ್ಲದ ಬಂಜರು ಗುಡ್ಡದಲ್ಲಿ ನಾವು ಹಸಿರು ಸ್ವರ್ಗ ನಿರ್ಮಿಸುತ್ತಿದ್ದೇವೆ." ಕೆಳಗೆ ಒಂದು ಚಿತ್ರ. ಮೂಲೆಯಲ್ಲಿ ಒಂದು ತಗಡಿನ ಚಾವಣಿ. ಅದು ಆಪಾಳ ಆಡಿನ ಕೊಟ್ಟಿಗೆ. ಬೇಲಿಯಾಚೆಯ ಇಳಿಜಾರು ಮಾರಾಟವಾಗಿತ್ತು.

ನಾನು "ಜೀವವಿಲ್ಲದ ಬಂಜರು" ಎಂಬ ಎರಡು ಪದಗಳನ್ನು ಹೊಡೆದುಹಾಕಿ, ಅಂಚಿನಲ್ಲಿ "ತಪ್ಪು. ಇಲ್ಲಿ ಜೀವವಿದೆ" ಎಂದು ಬರೆದು ಕಳಿಸಿದೆ.

ಮಾಲಕರು ಕರೆದರು. ನನಗಿಂತ ವಯಸ್ಸಿನಲ್ಲಿ ಸಣ್ಣವರು. ಅವರ ತಂದೆ ನನ್ನನ್ನು ಕೆಲಸಕ್ಕೆ ತೆಗೆದುಕೊಂಡಿದ್ದರು.

"ಅಕ್ಕಾರ, ಇಲ್ಲಿ ಕಾಗುಣಿತ ತಪ್ಪೈತೇನ್ರಿ?"

"ಕಾಗುಣಿತ ಸರಿ ಐತ್ರಿ. ಮಾತು ತಪ್ಪೈತಿ."

"ಮಾತು ಗಿರಾಕೀದು. ನಮ್ಮ ಕೆಲಸ ಅಕ್ಷರ ನೋಡೋದು."

"ಮುಂಡರಗಿ ಅನ್ನೋ ಬದ್ಲಿ ಮುಂಡಗೋಡ ಅಂತ ಬರದಿದ್ರ ನಾ ತಿದ್ದತಿದ್ದೆ. ನೀವು ಶಾಭಾಶ್ ಅಂತಿದ್ರಿ. ಇದೂ ಹಂಗನ. ಆ ಜಾಗಾ ನಾ ನೋಡೇನಿ."

ಅವರು ಸ್ವಲ್ಪ ಹೊತ್ತು ಹಾಳೆ ತಿರುಗಿಸಿ ನೋಡಿದರು. "ಗಿರಾಕಿ ನಾಳೆ ಬರ್ತಾರ. ನೀವ ಮಾತಾಡ್ರಿ," ಎಂದರು. ನನ್ನನ್ನು ಮುಂದೆ ದೂಡಿ ತಾವು ಪಾರಾಗುವ ಯೋಚನೆ ಅದು ಎಂದು ನನಗೆ ತಿಳಿಯಿತು. ಆಗಲಿ ಎಂದೆ.

ಗಿರಾಕಿ ನಲವತ್ತರ ಆಸುಪಾಸಿನ ಮನುಷ್ಯ, ಇಸ್ತ್ರಿ ಅಂಗಿ, ನಯವಾದ ಮಾತು. ಬೇರೆ ಊರಿನವರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಮೇಡಂ, ಅಲ್ಲಿ ನಾನು ಹತ್ತು ಸಲ ಹೋಗೇನಿ. ಮುಳ್ಳು, ಕಲ್ಲು ಬಿಟ್ರ ಏನೂ ಇಲ್ರಿ," ಎಂದರು.

"ಯಾವಾಗ ಹೋಗಿದ್ರಿ?"

"ಚಳಿಗಾಲದಾಗ, ಮತ್ತ ಮೊನ್ನೆ ಮಾರ್ಚ್‌ದಾಗ."

"ಮೇ ತಿಂಗಳದಾಗ ಒಂದ ಸಂಜಿ ಬರ್ರಿ. ಬಂದು ನೋಡಿ, ಆಮ್ಯಾಲೂ ಬಂಜರು ಅಂದ್ರ ನಾನ ನನ್ನ ಕೈಯಾರ ಬರದು ಕೊಡ್ತೇನಿ."

ಅವರು ನಕ್ಕು ಒಪ್ಪಿದರು. ಅಚ್ಚು ಹಾಕಿಸುವುದಕ್ಕೆ ಅವರಿಗೂ ಅವಸರವಿರಲಿಲ್ಲ, ಇನ್ನೂ ಯಾವುದೋ ಪರವಾನಗಿ ಬರಬೇಕಿತ್ತು.

ಹೇಳಿದ ಮಾತಿಗೆ ತಪ್ಪದೆ ಬಂದರು, ಅದನ್ನು ಒಪ್ಪಿಕೊಳ್ಳಬೇಕು. ಎರಡು ದಿನದ ಹಿಂದೆ ಮಳೆ ಬಿದ್ದಿತ್ತು. ಆಪಾ ಅವರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದಳು. ಹೊತ್ತು ಮುಳುಗಿದ ಮೇಲೆ ಒಂದೊಂದಾಗಿ ಮರಿಗಳು ಮಣ್ಣಿನಿಂದ ಎದ್ದವು. ಒಂದು ಅವರ ಪ್ಯಾಂಟಿನ ಅಂಚು ಹಿಡಿದು ಹತ್ತತೊಡಗಿತು. ಅವರು ಕಾಲು ಝಾಡಿಸಲು ಹೋದಾಗ ಆಪಾ, "ಅಲುಗಾಡಬ್ಯಾಡ್ರಿ, ಅದಕ್ಕ ನೀವೂ ಒಂದು ಗಿಡಾನ," ಎಂದಳು. ಅವರು ಅಲುಗಲಿಲ್ಲ. ನಾನು ಅದನ್ನು ಬಿಡಿಸಿ ದಿಂಡಿಗಕ್ಕೆ ಹಚ್ಚಿದೆ. ಬೆನ್ನು ಸೀಳಿ ಹುಳ ಹೊರಬರುವುದನ್ನು ಅವರು ಬಗ್ಗಿ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನೋಡಿದರು. ಗೆದ್ದೆ ಎಂದುಕೊಂಡೆ.

"ಭಾಳ ಚಲೋ ಐತ್ರಿ, ಮೇಡಂ," ಎಂದರು ಎದ್ದು ನಿಂತು. "ಬಂಜರು ಅನ್ನೋದು ತೆಗೆದುಬಿಡೋಣ. ಇದನ್ನ ಹಾಕೋಣ. 'ನಿಸರ್ಗ ಸಂಗೀತದ ಮಡಿಲಲ್ಲಿ ನಿಮ್ಮ ಮನೆ.' ನೀವ ಇನ್ನೂ ಚಂದ ಮಾಡಿ ಬರದು ಕೊಡ್ರಿ."

"ಮತ್ತ ಗಿಡಾ?"

"ಗಿಡಾ ಹಚ್ಚತೇವಲ್ರಿ. ಹೂವಿನ ಗಿಡಾ, ಹುಲ್ಲಿನ ಲಾನ್. ಈ ಮುಳ್ಳೆಲ್ಲ ಬಳದು ನೆಲ ಸಮ ಮಾಡ್ತೇವಿ."

"ಈ ಗಿಡಾ ಕಡದ್ರ ಇವು ಬದುಕಂಗಿಲ್ರಿ. ಬೇರಿನ ಮ್ಯಾಲ ಇವುಗಳ ಜೀವ ಐತಿ."

"ಗುಡ್ಡ ಇಷ್ಟು ದೊಡ್ಡದೈತಿ. ಅಲ್ಲಿ ಹೋಗ್ತಾವ ತಗೋರಿ."

ಬಂಜರು ಎಂದಾಗ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ. ಆ ಮಾತು ತಿಳಿಯದೆ ಹೇಳಿದ್ದು. ಇದು ಕಣ್ಣಾರೆ ಕಂಡ ಮೇಲೆ ಹೇಳಿದ್ದು. ನಾನು ಬರೆದುಕೊಡುವುದಿಲ್ಲ, ಪ್ರೂಫ್ ಕೂಡ ನೋಡುವುದಿಲ್ಲ ಎಂದು ಅವರ ಮುಖಕ್ಕೇ ಹೇಳಿದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನೀವು ಹೇಳಿದಂಗ ತಿದ್ದೇವಲ್ರಿ ಮತ್ತ," ಎಂದರು. ತಮ್ಮ ಕಡೆಯಿಂದ ಬಹಳ ಉದಾರವಾಗಿದ್ದೇನೆಂದೇ ಅವರು ತಿಳಿದಿದ್ದರು.

ಗದಗಿನಲ್ಲಿ ಮಾಲಕರು ಎರಡು ಸಲ ಹಾಳೆ ನನ್ನ ಮೇಜಿಗೆ ಇಟ್ಟರು. ಎರಡು ಸಲವೂ ನಾನು ಹಾಗೇ ಹಿಂದಕ್ಕೆ ಕೊಟ್ಟೆ. ಮೂರನೆಯ ಸಲ, "ಇದು ನಿಮ್ಮ ಮನಿ ಅಲ್ರಿ ಅಕ್ಕಾರ, ಪ್ರೆಸ್ಸು," ಎಂದರು.

"ಖರೆ ಐತ್ರಿ," ಎಂದೆ. ಕನ್ನಡಕ, ಊಟದ ಡಬ್ಬಿ, ನನ್ನ ಸ್ವಂತದ ಎರಡು ನಿಘಂಟು ಚೀಲಕ್ಕೆ ಹಾಕಿಕೊಂಡು ಹೊರಬಂದೆ. ಇಪ್ಪತ್ತೆಂಟು ವರ್ಷಕ್ಕೆ ಅಷ್ಟೇ ಸಾಮಾನು. ಮೆಟ್ಟಿಲಿಳಿಯುವಾಗ ಮುಂದೇನು ಎಂಬ ಹೆದರಿಕೆ ಇತ್ತು. ಆದರೆ ತಿರುಗಿ ಹತ್ತಬೇಕೆಂದು ಅನಿಸಲಿಲ್ಲ. ಬ್ರೋಷರ್ ಅಚ್ಚಾಯಿತು. "ನಿಸರ್ಗ ಸಂಗಿತದ ಮಡಿಲಲ್ಲಿ" ಎಂದು, ಗುಡಿಸಿನ ದೀರ್ಘವಿಲ್ಲದೆ. ಅದನ್ನು ನೋಡಿ ನನಗೆ ಸಂತೋಷವಾಯಿತು. ಈಗಲೂ ಆಗುತ್ತದೆ.

ಮಳೆಗಾಲ ಕಳೆದ ಮೇಲೆ ಜೆಸಿಬಿ ಬಂತು. ನಾನು ಆಗ ಮನೆಯಲ್ಲೇ ಕುಳಿತು ಬೇರೆ ಎರಡು ಮುದ್ರಣಾಲಯಗಳಿಗೆ ಪ್ರೂಫ್ ನೋಡತೊಡಗಿದ್ದೆ. ಆಪಾ ಫೋನು ಮಾಡಿದಳು. ನಾನು ಮುಟ್ಟುವ ಹೊತ್ತಿಗೆ ಅರ್ಧ ಇಳಿಜಾರು ಕೆಂಪು ಮಣ್ಣಾಗಿತ್ತು. ದಿಂಡಿಗದ ಬೊಡ್ಡೆಗಳು ಬೇರು ಮೇಲಾಗಿ ರಾಶಿ ಬಿದ್ದಿದ್ದವು. ಅದು ಅವರ ಜಮೀನು, ಅವರ ಕಾಗದ ಸರಿ ಇತ್ತು. ತಡೆಯಲು ನನ್ನ ಬಳಿ ಏನೂ ಇರಲಿಲ್ಲ.

ಒಂದಿಷ್ಟಾದರೂ ತಡೆದದ್ದು ಆಪಾ, ಅದೂ ತನ್ನದೇ ಕಾರಣಕ್ಕೆ. ಅವರಿಗೆ ಡಾಂಬರು ರಸ್ತೆಯಿಂದ ಒಳಗೆ ಬರಲು ಅವಳ ಪಟ್ಟಿಯ ಮೇಲ್ಭಾಗ ಬೇಕಿತ್ತು. ಅದೇ ಮುಳ್ಳಿನ, ಮರಗಳಿದ್ದ ಭಾಗ. ಆ ಗಿರಾಕಿಯೇ ಬಂದು ಅವಳ ಕಟ್ಟೆಯ ಮೇಲೆ ಕುಳಿತು ಕೇಳಿದರು. ನಾನು ಒಳಗೆ ನಿಂತು ಕೇಳುತ್ತಿದ್ದೆ.

"ಅಲ್ಲೇನೂ ಬೆಳೆಯಂಗಿಲ್ಲಲ್ಲಬೇ ಅಮ್ಮಾ. ನಮಗ ಕೊಡು, ನಿನಗ ಊರ ಹತ್ರ ಚಲೋ ಜಾಗಾ ಕೊಡಸ್ತೇವಿ."

"ಊರ ಹತ್ರ ನನ್ನ ಆಡು ಏನ ತಿನ್ನಬೇಕ್ರಿ?"

"ಮೇವು ಕೊಂಡು ಹಾಕು."

"ದಿಂಡಗದ ತಪ್ಪಲಾ ಎಲ್ಲಿ ಮಾರ್ತಾರ ಹೇಳ್ರಿ, ನಾಳೆ ಹೋಗಿ ತರ್ತೇನಿ."

ಅವರು ಮೂರು ಸಲ ಬಂದರು. ಊರ ಹಿರಿಯರಿಂದ ಹೇಳಿಸಿದರು. ಅವಳು ಪ್ರತಿ ಸಲವೂ ಚಹಾ ಮಾಡಿ ಕೊಟ್ಟಳು, ಪ್ರತಿ ಸಲವೂ ಇಲ್ಲವೆಂದಳು. ನಾನು ಜೀರುಂಡೆಯ ಮಾತು ತೆಗೆಯಲು ಹೋದಾಗ, "ನೀ ಸುಮ್ನಿರು. ನಿನ್ನ ಹುಳದ ಸಲುವಾಗಿ ಅಂದ್ರ ನಗತಾರ. ಆಡಿನ ಸಲುವಾಗಿ ಅಂದ್ರ ಬಾಯಿ ಮುಚ್ಚತಾರ," ಎಂದಳು. ಕೊನೆಗೆ ಅವರು ಸುತ್ತು ಬಳಸಿ ಬೇರೆ ಕಡೆಯಿಂದ ದಾರಿ ಮಾಡಿಕೊಂಡರು. ಆಪಾಳ ಮರಗಳು ಉಳಿದವು.

ಅದರ ಮುಂದಿನ ಬೇಸಿಗೆ, ಮಳೆ ಬಿದ್ದ ದಿನವೇ ಹೋದೆ. ಬೇಲಿಯಾಚೆ ಸಮತಟ್ಟಾದ ನೆಲದಲ್ಲಿ ನಿವೇಶನಗಳ ಗುರುತಿಗೆ ಬಿಳಿ ಸುಣ್ಣ ಬಳಿದ ಕಲ್ಲು ನೆಟ್ಟಿದ್ದರು. ಒಂದು ಮರವಿಲ್ಲ. ಸಂಜೆ ಆ ಬೋಳು ನೆಲದಲ್ಲಿ ತೂತುಗಳು ಕಾಣಿಸಿದವು. ನಾನು ನಂಬಲಿಲ್ಲ, ಬಗ್ಗಿ ಮುಟ್ಟಿ ನೋಡಿದೆ. ಯಂತ್ರದ ಹಲ್ಲಿಗೆ ಸಿಗದಷ್ಟು ಆಳದಲ್ಲಿದ್ದವು, ಹೊರಬರುವ ವರ್ಷ ತುಂಬಿದ್ದವು, ಬೇರು ಸತ್ತ ಮೇಲೂ ಹೇಗೋ ಬದುಕಿ ಮೇಲೆ ಬಂದಿದ್ದವು. ಮೊದಲಿನಷ್ಟಲ್ಲ, ತುಂಬ ಕಡಿಮೆ. ಬಂದವು ಮರ ಹುಡುಕುತ್ತ ನೆಲದ ಮೇಲೆ ಅತ್ತಿತ್ತ ಹರಿದಾಡುತ್ತಿದ್ದವು. ಕೆಲವು ಆ ಗಡಿಕಲ್ಲುಗಳನ್ನೇ ಹತ್ತುತ್ತಿದ್ದವು. ಸುಣ್ಣಕ್ಕೆ ಉಗುರು ನಾಟದೆ ಜಾರಿ ಬಿದ್ದು, ಮತ್ತೆ ಹತ್ತುತ್ತಿದ್ದವು. ಇರುವೆಗಳು ಆಗಲೇ ಬಂದಿದ್ದವು.

"ಮೊರ ತಗೊಂಡು ಬಾ," ಎಂದು ಕೂಗಿದೆ.

ಆಪಾ ಮೊರ ತಂದಳು. ಅದರಲ್ಲಿ ಒಂದು ಹಳೆಯ ಗೋಣಿತಟ್ಟು ಹಾಸಿದ್ದಳು, ಹಿಡಿದುಕೊಳ್ಳಲಿ ಎಂದು. ಇಬ್ಬರೂ ಬೇಲಿ ದಾಟಿದೆವು. ಅವಳಿಗೆ ಅರವತ್ತು, ನನಗೆ ಐವತ್ತನಾಲ್ಕು. ಮುಳ್ಳಿಗೆ ಸಿಕ್ಕಿ ನನ್ನ ಓಢಣಿ ಹರಿಯಿತು. ಒಂದೊಂದನ್ನೇ ಎರಡು ಬೆರಳಲ್ಲಿ ಎತ್ತಿ, ಮೊರದಲ್ಲಿಟ್ಟು, ತಂದು ಅವಳ ದಿಂಡಿಗಗಳ ಕಾಂಡಕ್ಕೆ ಹಚ್ಚಿದೆವು. ಬೆನ್ನು ಸೀಳಲು ಶುರುವಾದವನ್ನು ಮುಟ್ಟಲಿಲ್ಲ, ಅವುಗಳ ಸುತ್ತ ಬೂದಿ ಎರಚಿ ಇರುವೆ ತಡೆದೆವು. ಹೀಗೆ ನಾಲ್ಕು ಸಂಜೆ.

ಎರಡನೆಯ ಸಂಜೆ ಅಲ್ಲಿಯ ಕಾವಲುಗಾರ ಆ ಗಿರಾಕಿಗೆ ಫೋನು ಮಾಡಿದ. ಅವರು ನನ್ನೊಡನೆ ಮಾತಾಡಬೇಕೆಂದರು.

"ಮೇಡಂ, ನಮ್ಮ ಜಾಗಾದಾಗ ನೀವೇನು ಮಾಡಾಕತ್ತೀರಿ?"

"ನಿಮ್ಮ ಜಾಗಾದಾಗಿಂದ ನಮ್ಮವರನ್ನ ಕರಕೊಂಡು ಹೊಂಟೇವ್ರಿ."



"ಕೇಳಿ ಬರಬೇಕಿತ್ತು," ಎಂದರು.

"ನೀವು ಇವನ್ನ ಕೇಳಿ ಬಂದಿದ್ರೇನ್ರಿ?" ಎಂದೆ. "ಪೊಲೀಸರನ್ನ ಕರಸ್ರಿ. ಏನ ಕಳವು ಮಾಡ್ಯಾರ ಅಂತ ಬರಸ್ತೀರಿ, ಅದನ್ನ ನನಗೂ ಒಂದ ಸಲ ತೋರಸ್ರಿ. ಕಾಗುಣಿತ ನೋಡಿ ಕೊಡ್ತೇನಿ."

ಅವರು ಯಾರನ್ನೂ ಕಳಿಸಲಿಲ್ಲ. ಮೂರನೆಯ ಸಂಜೆ ಕಾವಲುಗಾರ ಸ್ವಲ್ಪ ದೂರದಲ್ಲಿ ನಿಂತು ನೋಡಿದ. ನಾಲ್ಕನೆಯ ಸಂಜೆ ತನ್ನ ಟೊಪ್ಪಿಗೆಯಲ್ಲಿ ಏಳೆಂಟು ಮರಿ ಹಾಕಿಕೊಂಡು ಬಂದು ಬೇಲಿಯ ಮೇಲಿಂದ ಆಪಾಳ ಕೈಗೆ ಕೊಟ್ಟ.

ಈ ವರ್ಷ ಆ ಬೋಳು ನೆಲದಿಂದ ಒಂದೂ ಬರಲಿಲ್ಲ. ಕಾದು ಕುಳಿತು ನೋಡಿದೆವು. ಅಲ್ಲಿ ಎರಡು ಮನೆ ಎದ್ದಿವೆ, ಸುತ್ತ ಹುಲ್ಲು ಹಾಕಿದ್ದಾರೆ. ಆಪಾಳ ಪಟ್ಟಿಯಲ್ಲಿ ಮಾತ್ರ ಬೆಳಗ್ಗೆ ಶುರುವಾದ ಒದರಾಟ ಮಧ್ಯಾಹ್ನದ ತನಕ ನಿಲ್ಲುವುದಿಲ್ಲ. ಆ ಮನೆಗಳಲ್ಲಿ ಒಂದರಿಂದ ಕಳೆದ ವಾರ ಒಬ್ಬ ಹೆಂಗಸು ಬಂದು, ಸದ್ದಿಗೆ ಬೆಳಗಿನ ನಿದ್ದೆ ಆಗುವುದಿಲ್ಲ, ಮರಗಳಿಗೆ ಏನಾದರೂ ಔಷಧ ಹೊಡೆಸುತ್ತೀರಾ ಎಂದು ವಿನಯದಿಂದಲೇ ಕೇಳಿದಳು.

"ಎರಡು ತಿಂಗಳು ಒದರತಾವ್ರಿ, ಆಮ್ಯಾಲ ತಾವ ಸುಮ್ನಾಗ್ತಾವ," ಎಂದಳು ಆಪಾ. "ಔಷಧ ಹೊಡಿಯಾಕ ನಾ ಬಿಡಂಗಿಲ್ಲ. ಒಳಗ ಬರ್ರಿ, ಕುಂಡ್ರಿ. ಒಂದನ್ನ ಹಿಡದು ತೋರಸ್ತೇನಿ."

ಆ ಹೆಂಗಸು ಬೇಲಿಯ ಬಳಿ ಅನುಮಾನಿಸುತ್ತ ನಿಂತಳು. ನಾನು ಎದ್ದು ಹೋಗಿ ಮುಳ್ಳಿನ ತಡಿಕೆ ಸರಿಸಿ ದಾರಿ ಮಾಡಿಕೊಟ್ಟೆ.